ಗಡಿನಾಡಿನ ಚಿಕ್ಕ ಇಗರ್ಜಿಗಳು: ಬಾಗಿಲ ಹೊರಗಿನ ಕೆಲಸ

ಕಾಸರಗೋಡು ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಇದ್ದವರು 13 ಲಕ್ಷದ 7 ಸಾವಿರ ಮಂದಿ. ಅವರಲ್ಲಿ ಕ್ರೈಸ್ತರು ಸುಮಾರು 87 ಸಾವಿರ. ನೂರಕ್ಕೆ ಏಳು ಮಂದಿಯೂ ಆಗಲಿಲ್ಲ. ಕೋಟ್ಟಯಂ, ಇಡುಕ್ಕಿ ಜಿಲ್ಲೆಗಳಲ್ಲಿ ಇದೇ ಲೆಕ್ಕ ನೂರಕ್ಕೆ ನಲವತ್ತನ್ನು ಮೀರುತ್ತದೆ. ನಮ್ಮಲ್ಲಿರುವ ಈ ಸ್ವಲ್ಪದರಲ್ಲೂ ಹೆಚ್ಚಿನ ಪಾಲು ಮೂಡು ದಿಕ್ಕಿನ ಮಲೆಗಳಿಗೆ ವಲಸೆ ಬಂದ ಸಿರಿಯನ್ ಕ್ರೈಸ್ತರದು. ಅವರ ಮಾತು ಮಲಯಾಳ, ಬದುಕು ರಬ್ಬರು ಮತ್ತು ಕರಿಮೆಣಸು. ಉಳಿದ ಚಿಕ್ಕ ಪಾಲು ಮಂಜೇಶ್ವರ, ಕುಂಬಳೆ, ಬೇಳ, ಕಯ್ಯಾರು, ವರ್ಕಾಡಿ ಕಡೆಗಳಲ್ಲಿ ನಾವು ದಿನವೂ ಕಾಣುವ ಕೊಂಕಣಿ ಮಾತಿನ ಕೆಥೊಲಿಕರದು. ತುಳುವಿನಲ್ಲಿ ನಾವು ಅವರನ್ನು ‘ಪೊರ್ಬುಳು’ ಎನ್ನುತ್ತೇವೆ, ಅವರ ಹೆಂಗಸರನ್ನು ‘ಬಾಯಮ್ಮ’ ಎಂದು ಕರೆಯುತ್ತೇವೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂಬ ನಾಲ್ಕು ಭಾಷೆಗಳ ಹೊರೆಯನ್ನು ಹೊತ್ತವರು ಅವರು.

1956 ನವೆಂಬರ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಇವರ ಇಗರ್ಜಿಗಳು ಮಾತ್ರ ಸೇರಲಿಲ್ಲ. ಅವು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದ ಆಡಳಿತದಲ್ಲಿವೆ. ರಾಜ್ಯದ ಗಡಿ ತಲಪಾಡಿಯಲ್ಲಿ ನಿಂತರೆ ಪೊರ್ಬುಗಳ ಗಡಿ ಇನ್ನೂ ತೆಂಕಕ್ಕೆ ಬರುತ್ತದೆ. 1890ರಲ್ಲಿ ಸ್ಥಾಪನೆಯಾದ ಬೇಳದ ವ್ಯಾಕುಲಮಾತೆಯ ಇಗರ್ಜಿಯ ಎತ್ತರದ ಮುಂಭಾಗವನ್ನು ಕಂಡವರು ಇದೇನು ಚಿಕ್ಕ ಇಗರ್ಜಿಯೇ ಎಂದು ಕೇಳಿಯಾರು. ಕಟ್ಟಡ ದೊಡ್ಡದು ನಿಜ. ಆದರೆ ಇಲ್ಲಿ ನಾವು ಅಳೆಯುತ್ತಿರುವುದು ಗೋಡೆಯನ್ನಲ್ಲ.

ಅಳೆಯಬೇಕಾದುದು ಒಳಗಿನ ಬೆಂಚುಗಳನ್ನು. ಹಿಂದೆ ಮುಂಬಯಿ, ಆಮೇಲೆ ಕೊಲ್ಲಿ ನಾಡು, ಆಮೇಲೆ ಬೆಂಗಳೂರು, ಈಗ ಕೆನಡಾ ಎಂದು ತರುಣರು ಹೊರಟುಹೋಗಿದ್ದಾರೆ. ಕಂಗಿನ ತೋಟದ ನಡುವಿನ ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು, ಒಂದು ನಾಯಿ, ಗೋಡೆಯಲ್ಲಿ ಮದುವೆಯ ಫೋಟೋಗಳು. ವರ್ಷದ ಹಬ್ಬಕ್ಕೆ ಇಗರ್ಜಿಯ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಸಾಮಾನ್ಯ ದಿನದ ಪೂಜೆಗೆ ಮಾತ್ರ ಬೆರಳೆಣಿಕೆಯ ಮಂದಿ. ಹೀಗಿರುವಾಗ ಇಂಥ ಇಗರ್ಜಿ ಇನ್ನೆಷ್ಟು ದಿನ, ಯಾತಕ್ಕಾಗಿ ಎಂಬ ಪ್ರಶ್ನೆ ಏಳುವುದು ಸಹಜ.

ಇದು ಪೊರ್ಬುಗಳ ಮನೆವಾರ್ತೆ, ನಮಗೇಕೆ ಎಂದು ಓದುಗರು ಪುಟ ತಿರುವಬಾರದು. ಗಡಿನಾಡಿನ ಎಷ್ಟೋ ಊರುಗಳಲ್ಲಿ ಮೊದಲ ಕನ್ನಡ ಶಾಲೆ ಇಗರ್ಜಿಯ ಜಗಲಿಯಲ್ಲೋ ಅದರ ಪಕ್ಕದ ಮುಳಿಹುಲ್ಲಿನ ಕೊಟ್ಟಿಗೆಯಲ್ಲೋ ಆರಂಭವಾದುದು. ಇಗರ್ಜಿ ಬಡವಾದರೆ ಬಡವಾಗುವುದು ಬೆಂಚು ಮಾತ್ರವಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಚಿಕ್ಕ ಇಗರ್ಜಿಯ ಆಯುಷ್ಯ ಒಳಗೆ ಎಷ್ಟು ಮಂದಿ ಮೊಣಕಾಲೂರುತ್ತಾರೆ ಎಂಬುದರ ಮೇಲೆ ನಿಂತಿಲ್ಲ. ಅದು ಮುಚ್ಚಿದರೆ ಹೊರಗಿನ ಎಷ್ಟು ಮನೆಗಳಿಗೆ ತೊಂದರೆಯಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಸಕ್ಕರೆ ಗುಳಿಗೆಯಿಂದ ಆಸ್ಪತ್ರೆಯ ವರೆಗೆ

ನಮ್ಮ ಜಿಲ್ಲೆಯವರಿಗೆ ಕಂಕನಾಡಿ ಆಸ್ಪತ್ರೆ ಎಂದರೆ ಬೇರೆ ವಿಳಾಸ ಬೇಡ. ಅಜ್ಜನ ಕಾಲದಿಂದ ಹೋಗಿಬಂದ ಜಾಗ. ಅದನ್ನು ಆರಂಭಿಸಿದವರು ಜರ್ಮನಿಯ ಅಗಸ್ಟಸ್ ಮುಲ್ಲರ್ ಪಾದ್ರಿಗಳು. 1878ರ ಕೊನೆಗೆ ಮಂಗಳೂರಿಗೆ ಬಂದಿಳಿದ ಜೆಸುಯಿಟರ ಮೊದಲ ತಂಡದಲ್ಲಿ ಅವರೂ ಇದ್ದರು. ಬಂದುದು ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ. ಜೊತೆಗೆ ಒಂದು ಹೋಮಿಯೋಪತಿ ಪೆಟ್ಟಿಗೆ ಇತ್ತು. 1880ರ ಹೊತ್ತಿಗೆ ಕಂಕನಾಡಿಯ ಒಂದು ಆಲದ ಮರದ ಬುಡದಲ್ಲಿ ಕೂತು ಬಡವರಿಗೆ ಸಕ್ಕರೆ ಗುಳಿಗೆ ಕೊಡತೊಡಗಿದರೆಂದು ಹೇಳುತ್ತಾರೆ. 1890ರಲ್ಲಿ ಯಾರೂ ಮುಟ್ಟಲೊಲ್ಲದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ತೆರೆದರು. 1910ರಲ್ಲಿ ತೀರಿಕೊಂಡರು.

ಇವತ್ತಿನ ಬಹುಮಹಡಿ ಕಟ್ಟಡವನ್ನೂ ವೈದ್ಯಕೀಯ ಕಾಲೇಜನ್ನೂ ನೋಡಿದವರಿಗೆ ಸೇವೆ ಎಂದರೆ ಕೋಟಿಗಟ್ಟಲೆ ಹಣ ಬೇಕೆಂದು ತೋರುವುದು ಸಹಜ. ಆದರೆ ಆಲದ ಮರದ ಬುಡದಲ್ಲಿದ್ದುದು ಒಂದು ಪೆಟ್ಟಿಗೆ, ದಿನವೂ ತಪ್ಪದೆ ಬಂದು ಕೂರುವ ಒಬ್ಬ ಮನುಷ್ಯ. ಚಿಕ್ಕ ಇಗರ್ಜಿ ನೆನಪಿಡಬೇಕಾದುದು ಕಟ್ಟಡವನ್ನಲ್ಲ, ಆ ಮರವನ್ನು.

ಬಾಸೆಲ್ ಮಿಶನ್ನಿನವರ ಕಥೆ ಇದಕ್ಕಿಂತ ತೊಡಕಿನದು, ಆದ್ದರಿಂದ ಹೆಚ್ಚು ಪಾಠ ಕಲಿಸುವಂಥದು. 1834ರಲ್ಲಿ ಮಂಗಳೂರಿಗೆ ಬಂದ ಈ ಪ್ರೊಟೆಸ್ಟಂಟರು ಶಾಲೆ ತೆರೆದರು, ಮುದ್ರಣಾಲಯ ಇಟ್ಟರು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಪತ್ರಿಕೆಯವರಾದ ನಾವೆಲ್ಲ ಆ ಮಟ್ಟಿಗೆ ಅವರ ಋಣದಲ್ಲಿದ್ದೇವೆ. ಮತಾಂತರಗೊಂಡವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಒಕ್ಕಲುತನ ಹೋಗುತ್ತಿತ್ತು, ಕುಲಕಸಬು ತಪ್ಪುತ್ತಿತ್ತು. ಅವನಿಗೆ ಅನ್ನದ ದಾರಿ ಮಾಡಲೆಂದು ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಲೋಕಪ್ರಸಿದ್ಧವಾದುದು ಹೀಗೆ. ಆದರೆ ಇಗರ್ಜಿಗೆ ಬರುವವನೂ ಕಂಪೆನಿಯ ಕೂಲಿಯೂ ಒಬ್ಬನೇ ಆದಾಗ ಭಕ್ತಿಯೂ ಸಂಬಳವೂ ಒಂದೇ ಹಗ್ಗಕ್ಕೆ ಕಟ್ಟಿಹೋಗುತ್ತವೆ. 1914ರಲ್ಲಿ ಮಹಾಯುದ್ಧ ಹತ್ತಿತು. ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಕೊನೆಗೆ ತಾರಸಿ ಮನೆಗಳ ಕಾಲ ಬಂದು ಹಂಚಿಗೇ ಗಿರಾಕಿ ಕಡಿಮೆಯಾಯಿತು.

ಉಳಿದುದು ಯಾವುದು? ಕಾಸರಗೋಡು ಪೇಟೆಯಲ್ಲೇ ನೋಡಿ. ಬಿ.ಇ.ಎಂ. ಹೈಸ್ಕೂಲು ಎಂದು ನಾವು ಕರೆಯುವ ಶಾಲೆಯ ಮೂರಕ್ಷರ ಬಾಸೆಲ್ ಇವಾಂಜೆಲಿಕಲ್ ಮಿಶನ್ ಎಂಬುದರ ಗುರುತು. ಅಲ್ಲಿ ಓದಿದ ಹಿಂದೂ, ಮುಸಲ್ಮಾನ ಮಕ್ಕಳ ಎದುರಿಗೆ ಆ ಸಭೆಯ ಮಕ್ಕಳ ಸಂಖ್ಯೆ ಎಷ್ಟರದು! ತಮ್ಮವರಿಗಾಗಿಯೇ ಕಟ್ಟಿದ್ದು ಕೈಬದಲಾಯಿತು. ಎಲ್ಲರಿಗೆ ತೆರೆದಿಟ್ಟದ್ದು ನಿಂತಿತು.

ಮಲೆಯ ಮೇಲಿನ ಅನುಭವ

ಇನ್ನೊಂದು ಮಾದರಿಗೆ ಮಲೆ ಹತ್ತಬೇಕು. 1943ರ ಫೆಬ್ರವರಿಯಲ್ಲಿ ತಿರುವಾಂಕೂರು ಕಡೆಯಿಂದ ಕ್ನಾನಾಯ ಪಂಗಡದ 72 ಕುಟುಂಬಗಳು ಕೋಟ್ಟಯಂ ಬಿಷಪರ ಮುಂದಾಳುತನದಲ್ಲಿ ಹೊರಟು ನಮ್ಮ ಮೂಡಣ ಕಾಡಿಗೆ ಬಂದವು. ಆ ಕಾಲಕ್ಕೆ ಅದು ದಕ್ಷಿಣ ಕನ್ನಡ ಜಿಲ್ಲೆಯೇ. ಕ್ರಿಸ್ತರಾಜನ ಹೆಸರಿನಲ್ಲಿ ರಾಜಪುರಂ ಎಂದು ಊರಿಗೆ ಹೆಸರಿಟ್ಟರು. ಯುದ್ಧದ ಕಾಲ, ಅಕ್ಕಿಯ ಬರ. ಕಾಡಿನಲ್ಲಿ ಮಲೇರಿಯ, ಬೆಳೆಗೆ ಹಂದಿ, ದಾರಿ ಎಂಬುದೇ ಇಲ್ಲ. ಅಂಥಲ್ಲಿ ಇಗರ್ಜಿ ಪ್ರಾರ್ಥನೆಯ ಮನೆ ಮಾತ್ರ ಆಗಿದ್ದರೆ ಊರೇ ಉಳಿಯುತ್ತಿರಲಿಲ್ಲ. ಜಾಗದ ವ್ಯವಹಾರ, ರಸ್ತೆ ಕಡಿಯುವುದು, ಶಾಲೆ ಹೂಡುವುದು, ಜಗಳ ಬಿಡಿಸುವುದು ಎಲ್ಲಕ್ಕೂ ಅದೇ ಕಟ್ಟೆ. ತಲಶೇರಿ ಧರ್ಮಪ್ರಾಂತ್ಯ 1953ರ ಕೊನೆಗೆ ಹುಟ್ಟಿದ ಮೇಲೆ ಅದರ ಮೊದಲ ಬಿಷಪ್ ಸೆಬಾಸ್ಟಿಯನ್ ವಳ್ಳೋಪ್ಪಿಳ್ಳಿಯವರೂ ಮಲಬಾರಿನ ವಲಸೆ ರೈತರ ನಡುವೆ ಇದೇ ರೀತಿಯ ಕೆಲಸ ನಡೆಸಿದರು.

ಇಲ್ಲೊಂದು ಮಾತು ಹೇಳದೆ ಬಿಟ್ಟರೆ ಲೇಖನ ಅಪೂರ್ಣ. ಆ ಕಾಡು ಜನರಿಲ್ಲದ ಕಾಡಲ್ಲ. ಮಾವಿಲರು, ವೆಟ್ಟುವರು ಮೊದಲಾದ ಗಿರಿಜನರು ಅಲ್ಲಿ ಪುನಂ ಬೇಸಾಯ ಮಾಡುತ್ತ ಇದ್ದವರು. ವಲಸೆ ಬಂದವರು ಬೆವರು ಸುರಿಸಿದ್ದೂ ಸತ್ಯ, ಮೊದಲಿದ್ದವರ ಕೈಯಿಂದ ಭೂಮಿ ಜಾರಿದ್ದೂ ಸತ್ಯ. ಆ ಮಲೆಯ ಇಗರ್ಜಿಗಳು ಇಂದು ರಬ್ಬರಿನ ಬೆಲೆ ಕುಸಿತದಿಂದಲೂ ಮಕ್ಕಳು ಪರದೇಶಕ್ಕೆ ಹೋಗುವುದರಿಂದಲೂ ಕಂಗೆಟ್ಟಿವೆ. ಅವು ಸೇವೆ ಎಂದು ಹೊರಟರೆ ಮೊದಲ ಬಾಗಿಲು ಆ ಕಾಲನಿಗಳದೇ ಆಗಬೇಕಷ್ಟೆ. ಉತ್ತರ ಭಾಗದಲ್ಲಿ ಅದೇ ಸ್ಥಾನ ಕೊರಗರದು.

ಚೆರ್ಕಳದ ಮಾರ್ತೋಮಾ ಕಿವುಡರ ಶಾಲೆಯ ವಿಷಯ ಕಡಿಮೆ ಜನ ಗಮನಿಸಿದ್ದಾರೆ. ಮಾರ್ತೋಮಾ ಸಭೆಯ ಕೇಂದ್ರ ತಿರುವಲ್ಲದಲ್ಲಿ. ನಮ್ಮ ಜಿಲ್ಲೆಯಲ್ಲಿ ಅವರ ಮನೆಗಳು ಬಹಳ ಕಡಿಮೆ. ತಮ್ಮ ಜನವೇ ಇಲ್ಲದ ಊರಲ್ಲಿ ಒಂದು ಸಭೆಗೆ ಏನು ಕೆಲಸ? ಅವರು ಕಂಡುಕೊಂಡ ಕೆಲಸ ಕಿವಿ ಕೇಳದ ಮಕ್ಕಳದು. ಹೈಯರ್ ಸೆಕೆಂಡರಿಯ ವರೆಗೂ ಅಲ್ಲಿ ಪಾಠ ಬೆಳೆದಿದೆ. ಕಿವುಡು ಮಗುವನ್ನು ಎಷ್ಟು ಬೇಗ ಗುರುತಿಸುತ್ತಾರೋ ಅಷ್ಟು ಮಾತು ದಕ್ಕುತ್ತದೆ. ಮೊದಲ ಕೆಲವು ವರ್ಷ ಕಳೆದವೆಂದರೆ ಕಲಿಸುವುದು ಬಹಳ ಕಷ್ಟ. ಇದನ್ನು ಹಳ್ಳಿಯ ತಾಯಂದಿರಿಗೆ ತಿಳಿಸಿಕೊಡುವ ಒಂದು ಜಾಗ ಈ ಜಿಲ್ಲೆಯಲ್ಲಿದೆ ಎಂದರೆ ಅದೇ ದೊಡ್ಡದು. ಆ ಶಾಲೆಯ ಅಂಗಳದಲ್ಲಿ ಕೈಸನ್ನೆಯಲ್ಲಿ ಮಾತಾಡಿಕೊಳ್ಳುವ ಮಕ್ಕಳಲ್ಲಿ ಯಾರು ಯಾವ ಜಾತಿ ಎಂದು ಗುರುತಿಸಲಾಗದು.

ಗುರಿಕಾರನ ಪುಸ್ತಕ

ಹಾಗಾದರೆ ಶಾಲೆ ಆಸ್ಪತ್ರೆ ಕಟ್ಟುವ ಶಕ್ತಿಯಿಲ್ಲದ ನೂರು ಒಕ್ಕಲಿನ ಇಗರ್ಜಿ ಏನು ಮಾಡಬೇಕು? ಅದರ ಕೈಯಲ್ಲಿ ಏನಿದೆ ಎಂದು ಮೊದಲು ನೋಡೋಣ. ಒಂದು ಬಾವಿ, ಒಂದು ಸಭಾಭವನ, ತಕ್ಕಮಟ್ಟಿನ ಅಂಗಳ. ಇವುಗಳಿಗಿಂತ ಬೆಲೆಯುಳ್ಳದ್ದು ವಾಡೊ ವ್ಯವಸ್ಥೆ. ಇಗರ್ಜಿಯ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿ ಪ್ರತಿಯೊಂದಕ್ಕೆ ಒಬ್ಬ ಗುರಿಕಾರನನ್ನು ನೇಮಿಸುವುದು ಇವರಲ್ಲಿ ಹಳೆಯ ಪದ್ಧತಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯ ಛಾವಣಿ ಸೋರುತ್ತದೆ, ಯಾರ ಮಗಳ ಮದುವೆ ನಿಂತಿದೆ ಎಂಬುದು ಗುರಿಕಾರನಿಗೆ ಗೊತ್ತಿರುತ್ತದೆ. ಸರಕಾರ ಎಷ್ಟು ಸಮೀಕ್ಷೆ ನಡೆಸಿದರೂ ಈ ತಿಳುವಳಿಕೆ ಸಿಗದು.

ಇದಕ್ಕೆ ಜೊತೆಯಾಗಿ ಹೆಚ್ಚಿನ ಕಡೆ ಸಂತ ವಿನ್ಸೆಂಟ್ ಪಾವ್ಲ್ ಸಭೆ ಇದೆ. ಅದು ಹುಟ್ಟಿದ ಬಗೆ ಕುತೂಹಲಕರ. 1833ರ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜಾನಮ್ ಎಂಬ 20 ವರ್ಷದ ವಿದ್ಯಾರ್ಥಿ ಚರ್ಚಾಕೂಟದಲ್ಲಿ ತನ್ನ ಧರ್ಮದ ಹಿಂದಿನ ಹಿರಿಮೆಯನ್ನು ಹೊಗಳುತ್ತಿದ್ದ. ಹಿಂದೆ ಮಾಡಿದ್ದು ಇರಲಿ, ಇವತ್ತು ನೀವು ಬಡವರಿಗೆ ಏನು ಮಾಡುತ್ತಿದ್ದೀರಿ ಎಂದು ಎದುರಾಳಿ ಕೇಳಿದನಂತೆ. ಉತ್ತರವಿರಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ ಸಭೆಯದು. ಅದರ ಕ್ರಮ ಬಹಳ ಸರಳ: ಸದಸ್ಯರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಬೇಕು, ಕೂರಬೇಕು, ಬೇಕಾದುದನ್ನು ಸದ್ದಿಲ್ಲದೆ ಕೊಟ್ಟುಬರಬೇಕು.

ಸದ್ದಿಲ್ಲದೆ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಹತ್ತು ಕಿಲೋ ಅಕ್ಕಿಯ ಚೀಲದ ಹಿಂದೆ ಹದಿನೈದು ಮಂದಿ ನಿಂತು ತೆಗೆಸಿದ ಫೋಟೋಗಳು ಪತ್ರಿಕಾಲಯಗಳಿಗೆ ವಾರವಾರವೂ ಬರುತ್ತವೆ. ಎಲ್ಲ ಮತದವರದೂ ಬರುತ್ತವೆ, ಕ್ಲಬ್ಬುಗಳದಂತೂ ಹೇಳುವುದು ಬೇಡ. ಫೋಟೋದಲ್ಲಿ ತಲೆ ತಗ್ಗಿಸಿ ನಿಂತಿರುವುದು ಚೀಲ ಪಡೆದವರು ಮಾತ್ರ.

ನಮ್ಮ ಸೂಚನೆ ಇಷ್ಟೆ: ಗುರಿಕಾರನ ಪುಸ್ತಕದಲ್ಲಿ ಆ ವಾಡೊದ ಎಲ್ಲ ಮನೆಗಳೂ ಬರಲಿ. ಇಗರ್ಜಿಗೆ ವರಾಡ ಕೊಡುವ ಇಪ್ಪತ್ತು ಮನೆ ಮಾತ್ರವಲ್ಲ, ನಡುವೆ ಇರುವ ಬೀಡಿ ಕಟ್ಟುವವರ, ಬ್ಯಾರಿಗಳ, ಬಿಲ್ಲವರ, ಕೊರಗರ ಮನೆಗಳೂ ಬರಲಿ. ಹಾಗೆ ಬರೆದ ದಿನವೇ ಕೆಲಸಗಳು ತಾವಾಗಿ ಕಾಣಿಸುತ್ತವೆ. ಕೆಲವನ್ನು ನಾವೇ ಹೇಳಬಹುದು.

ಗೇರುತೋಟಗಳ ಎಂಡೋಸಲ್ಫಾನ್ ದುರಂತ ಯಾರಿಗೆ ತಿಳಿಯದು? 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ತೋಟಗಳಿಗೆ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾಕ್ಟರ್ ವೈ.ಎಸ್. ಮೋಹನ ಕುಮಾರರು ರೋಗಿಗಳ ಸಾಲು ಕಂಡು ಎಚ್ಚರಿಸಿದರು, ಪತ್ರಕರ್ತ ಶ್ರೀ ಪಡ್ರೆಯವರು ಬರೆದರು, ಪೆರಿಯದ ಲೀಲಾಕುಮಾರಿಯಮ್ಮ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆಜ್ಞೆ ಮಾಡಿತು. ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳಲ್ಲಿ ಬೇಳ ಇರುವ ಬದಿಯಡ್ಕವೂ ಇದೆ, ರಾಜಪುರಂ ಇರುವ ಕಳ್ಳಾರೂ ಇದೆ. ಹಣ ಬಂದವರಿಗೆ ಬಂತು. ಆದರೆ ಮೂವತ್ತು ವರ್ಷವಾದರೂ ಎತ್ತಿ ಉಣ್ಣಿಸಬೇಕಾದ ಮಗನನ್ನು ಬಿಟ್ಟು ತಾಯಿ ರೇಶನ್ ಅಂಗಡಿಗೆ ಹೋಗುವುದು ಹೇಗೆ? ನೆಂಟರ ಮದುವೆಗೆ, ತನ್ನದೇ ಮದ್ದಿಗೆ ಹೋಗುವುದು ಹೇಗೆ? ಪಂಚಾಯತಿನ ಬಡ್ಸ್ ಶಾಲೆಗಳಿವೆ. ಅವು ಹಗಲಿನ ಕೆಲವು ಗಂಟೆ ಮಾತ್ರ, ಅಲ್ಲಿಗೆ ಹೊತ್ತೊಯ್ಯಲಾಗದ ಮಕ್ಕಳೂ ಇದ್ದಾರೆ. ಆ ತಾಯಿಗೆ ಬೇಕಾದುದು ವಾರದಲ್ಲಿ ಒಂದು ಅಪರಾಹ್ನ ಬಂದು ಮಗುವಿನ ಪಕ್ಕ ಕೂರುವ ಒಬ್ಬ ನಂಬಿಕೆಯ ಹೆಂಗಸು. ಇದಕ್ಕೆ ಕಟ್ಟಡ ಬೇಡ, ಪರದೇಶದ ದೇಣಿಗೆ ಬೇಡ. ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಹೊತ್ತು ಹೋಗದೆ ಕೂತಿರುವ ಬಾಯಮ್ಮಂದಿರು ಇಲ್ಲಿ ಎಷ್ಟು ಮಂದಿ ಬೇಕು!

ಅರ್ಜಿಯ ಕಷ್ಟ ಬೇರೆ. ಪಿಂಚಣಿ, ಚಿಕಿತ್ಸೆಯ ಸಹಾಯ, ಅಂಗವಿಕಲರ ಪ್ರಮಾಣಪತ್ರ ಎಲ್ಲಕ್ಕೂ ಕಾಗದ ಬೇಕು; ಕಾಗದ ಮಲಯಾಳದಲ್ಲಿ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಮುದುಕಿ ಮೂರು ಸಲ ಗ್ರಾಮ ಕಚೇರಿಗೆ ಅಲೆದು ಕೈಬಿಡುತ್ತಾಳೆ. ಭಾನುವಾರ ಪೂಜೆ ಮುಗಿದ ಮೇಲೆ ಎರಡು ಗಂಟೆ, ಇಗರ್ಜಿಯ ಜಗಲಿಯಲ್ಲಿ ಒಂದು ಮೇಜು, ಎರಡೂ ಲಿಪಿ ಬಲ್ಲ ಒಬ್ಬ ಕಾಲೇಜು ಹುಡುಗಿ. ಊರಿಗೆಲ್ಲ ತಿಳಿಸಲು ಒಂದು ಬೋರ್ಡು ಸಾಕು.

ರೋಗಿಗಳ ಸಾಗಾಟವೂ ನಮ್ಮ ಜಿಲ್ಲೆಯ ಹಳೆಯ ಸಂಕಟ. 2020ರ ಮಾರ್ಚಿನಲ್ಲಿ ಕೊರೋನದ ಭಯದಿಂದ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರದ ಕಡೆಯ ಹಲವು ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ತುರ್ತು ಚಿಕಿತ್ಸೆಗೆ ದಾರಿ ಬಿಡುವಂತೆ ಆಜ್ಞೆ ಮಾಡಬೇಕಾಯಿತು. ಎರಡೂ ರಾಜ್ಯದಲ್ಲಿ ಬೇರುಳ್ಳ, ಮಂಗಳೂರಿನಲ್ಲಿ ಮೇಲಧಿಕಾರಿಗಳುಳ್ಳ ಸಂಸ್ಥೆಗಳು ಗಡಿನಾಡಿನಲ್ಲಿ ಬೆರಳೆಣಿಕೆಯವು; ಇಗರ್ಜಿ ಅವುಗಳಲ್ಲೊಂದು. ಕಂಕನಾಡಿಯಲ್ಲೋ ದೇರಳಕಟ್ಟೆಯಲ್ಲೋ ದಾಖಲಾದ ಬಡರೋಗಿಯ ಜೊತೆ ನಿಲ್ಲುವವರನ್ನು ಒದಗಿಸಲು, ಯಾವ ಕೌಂಟರಿನಲ್ಲಿ ಏನು ಕೇಳಬೇಕೆಂದು ಹೇಳಿಕೊಡಲು ಅದಕ್ಕೆ ಸುಲಭ.

ಇನ್ನು ಶಾಲೆಯ ಮಾತು. 1958ರ ಕೇರಳ ಶಿಕ್ಷಣ ಕಾಯಿದೆಯ ಚೌಕಟ್ಟಿನಲ್ಲಿ ಅನುದಾನಿತ ಶಾಲೆಗಳ ಅಧ್ಯಾಪಕರ ಸಂಬಳ ಸರಕಾರದ್ದು, ಕಟ್ಟಡ ಆಡಳಿತದವರದು. ಬೇಳ, ಕುಂಬಳೆ ಮೊದಲಾದ ಕಡೆ ಇಗರ್ಜಿಯ ನೆರಳಿನ ಇಂಥ ಶಾಲೆಗಳಲ್ಲಿ ಮೂರು ತಲೆಮಾರು ಕನ್ನಡ ಕಲಿತಿದೆ. ಈಗ ಸಮವಸ್ತ್ರದ ಟೈ ಕಂಡು ತಂದೆತಾಯಿಗಳು ಇಂಗ್ಲಿಷ್ ಮಾಧ್ಯಮದ ಬಸ್ಸಿಗೆ ಮಕ್ಕಳನ್ನು ಹತ್ತಿಸುತ್ತಿದ್ದಾರೆ. ಕ್ರೈಸ್ತ ಸಂಸ್ಥೆಗಳೇ ನಡೆಸುವ ಬಸ್ಸುಗಳೂ ಅವುಗಳಲ್ಲಿವೆ. ಶುಲ್ಕ ಪಡೆದು ಇಂಗ್ಲಿಷ್ ಶಾಲೆ ನಡೆಸುವುದು ತಪ್ಪಲ್ಲ. ಆದರೆ ಅದನ್ನು ಸೇವೆಯ ಲೆಕ್ಕಕ್ಕೆ ಬರೆಯಲು ನಾವು ಒಪ್ಪೆವು. ಕನ್ನಡ ತರಗತಿಗೆ ಮಕ್ಕಳು ಕಡಿಮೆಯಾದರೆ ಅಧ್ಯಾಪಕ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಇದ್ದ ಮಕ್ಕಳೂ ಹೋಗುತ್ತಾರೆ. ಆ ಶಾಲೆಯಲ್ಲಿ ಚೆನ್ನಾಗಿ ಇಂಗ್ಲಿಷನ್ನೂ ಕಲಿಸುವ ಏರ್ಪಾಡು ಮಾಡಿ, ಬಡ ಮಕ್ಕಳಿಗೆ ಸಂಜೆ ಪಾಠ ಇಟ್ಟು ಉಳಿಸಿಕೊಂಡರೆ ಅದಕ್ಕಿಂತ ದೊಡ್ಡ ಉಪಕಾರ ಗಡಿನಾಡಿಗೆ ಇಲ್ಲ. ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂದು ಕನ್ನಡ ಕಾವ್ಯವಾಗಿ ಬರೆದವರು ಇದೇ ಮಂಜೇಶ್ವರದ ಗೋವಿಂದ ಪೈಗಳು. ಪೈಗಳ ಊರಿನ ಕ್ರೈಸ್ತ ಮಕ್ಕಳಿಗೆ ಅದನ್ನು ಓದಲು ಬರಬೇಡವೇ?

ಸೇವೆ ಎಂದೊಡನೆ ಮತಾಂತರದ ಸಂಶಯ ಎತ್ತುವವರಿದ್ದಾರೆ. ಕೂಗಾಡಿ ಅದನ್ನು ಹೋಗಲಾಡಿಸಲಾಗದು. ಲೆಕ್ಕಪತ್ರವನ್ನು ಜಗಲಿಯಲ್ಲಿ ತೂಗುಹಾಕಬೇಕು, ಸಮಿತಿಯಲ್ಲಿ ನೆರೆಯ ಹಿಂದೂವೂ ಮುಸಲ್ಮಾನನೂ ಕೂರಬೇಕು, ರೋಗಿಯ ಹಾಸಿಗೆಯ ಬಳಿ ಧರ್ಮದ ಮಾತು ಬರಬಾರದು. ಇದಕ್ಕೆ ಒಪ್ಪದ ಇಗರ್ಜಿ ಹೊರಗಿನ ಕೆಲಸಕ್ಕೆ ಹೊರಡದಿರುವುದೇ ಲೇಸು.

ಹೊಸ ಸಂಘ ಕಟ್ಟುವ ಅವಸರವೂ ಬೇಡ. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಯ ನೀತಿ ತಂದ ಮೇಲೆ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗುವ ಪದ್ಧತಿ ಬೆಳೆದಿದೆ. ಒಬ್ಬಳು ನರ್ಸ್, ಮಲೆ ಗುಡ್ಡೆಯ ದಾರಿ, ಹತ್ತಾರು ವಾರ್ಡುಗಳು. ಅವಳಿಗೆ ಕಡಿಮೆಯಿರುವುದು ವಾಹನ, ರೋಗಿಯನ್ನು ಮಗ್ಗುಲು ತಿರುಗಿಸಲು ಇನ್ನೊಂದು ಜೊತೆ ಕೈ, ಅವಳು ಹೋದ ಮೇಲೆ ನಡುವಿನ ದಿನಗಳಲ್ಲಿ ಹುಣ್ಣು ತೊಳೆಯುವವರು. ನೂರು ಒಕ್ಕಲಿನ ಇಗರ್ಜಿ ಆರು ಮಂದಿಯನ್ನೂ ಒಂದು ಜೀಪನ್ನೂ ವಾರಕ್ಕೆ ಒಂದು ದಿನ ಕೊಡಬಲ್ಲದು. ಮುಂದಿನ ಭಾನುವಾರವೇ ಗುರಿಕಾರರು ಸೇರಿ ಆ ಆರು ಹೆಸರು ಬರೆದುಕೊಂಡು, ಸೋಮವಾರ ಪಂಚಾಯತು ಕಚೇರಿಗೆ ಹೋಗಿ ನರ್ಸ್ ಯಾವ ದಿನ ತಮ್ಮ ವಾರ್ಡಿಗೆ ಬರುತ್ತಾಳೆ ಎಂದು ಕೇಳಿಕೊಂಡು ಬರಬಹುದು.